ಅದೇ ಡಬ್ಬಿ, ಅದೇ ಬಣ್ಣ, ಆದರೂ ಗೋಡೆಯ ಮೇಲೆ ತೇಪೆ ಯಾಕೆ?

ಕ್ಯಾಲೆಂಡರ್ ಮೊಳೆ ಕಿತ್ತ ಜಾಗಕ್ಕೆ ಪುಟ್ಟಿ ತುಂಬುತ್ತೀರಿ. ಅಟ್ಟದ ಮೇಲಿದ್ದ ಹಳೇ ಪೇಂಟ್ ಡಬ್ಬಿ ಇಳಿಸಿ, ಅದೇ ಬಣ್ಣವನ್ನು ಬ್ರಷ್ಷಿನಲ್ಲಿ ಎರಡು ಸಲ ಎಳೆಯುತ್ತೀರಿ. ಮಾರನೇ ದಿನ ನೋಡಿದರೆ ತೂತು ಹೋಗಿದೆ, ಅದರ ಜಾಗದಲ್ಲಿ ಅಂಗೈ ಅಗಲದ ತೇಪೆ ಬಂದಿದೆ. ನೇರ ಎದುರಿಗೆ ನಿಂತರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಎದ್ದು ಕಾಣುತ್ತದೆ.

ಆಗ ಬರುವ ಮೊದಲ ಅನುಮಾನ ಶೇಡ್ ಬಗ್ಗೆ. ಅಂಗಡಿಯವರು ತಪ್ಪು ಕೊಟ್ಟಿರಬೇಕು, ಡಬ್ಬಿಯಲ್ಲಿ ಬಣ್ಣ ಹಾಳಾಗಿರಬೇಕು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಶೇಡ್ ಸರಿಯಾಗಿಯೇ ಇರುತ್ತದೆ. ಹೆಚ್ಚುಕಮ್ಮಿ ಆಗಿರುವುದು ಹೊಳಪಿನಲ್ಲಿ. ಓರೆಯಾಗಿ ನೋಡಿದಾಗ ಮಾತ್ರ ತೇಪೆ ಕಾಣುವುದೇ ಅದಕ್ಕೆ ಗುರುತು. ಬಣ್ಣವೇ ಬೇರೆಯಾಗಿದ್ದರೆ ಎಲ್ಲಿಂದ ನೋಡಿದರೂ ಕಾಣಬೇಕಿತ್ತು ಅಲ್ವಾ? ಟಚಪ್ ಕೆಲಸ ಕೆಡುವುದು ಹೆಚ್ಚಾಗಿ ಈ ಒಂದು ವಿಷಯ ಗೊತ್ತಿಲ್ಲದ್ದರಿಂದ. ಆದ್ದರಿಂದ ಬ್ರಷ್ ಹಿಡಿಯುವ ಮೊದಲು ಪೇಂಟ್ ಒಣಗುವಾಗ ಏನಾಗುತ್ತದೆ ಅಂತ ನೋಡೋಣ.

ಒಣಗಿದ ಪೇಂಟಿನಲ್ಲಿ ಏನಿರುತ್ತದೆ

ಮನೆಯೊಳಗಿನ ಗೋಡೆಗೆ ಹಚ್ಚುವ ಎಮಲ್ಷನ್‌ನಲ್ಲಿ ಮುಖ್ಯವಾಗಿ ನಾಲ್ಕು ವಸ್ತುಗಳಿವೆ. ಬಿಳುಪನ್ನೂ ಕೆಳಗಿನದನ್ನು ಮುಚ್ಚುವ ಶಕ್ತಿಯನ್ನೂ ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಮೈ ತುಂಬಿಸುವುದಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಟಾಲ್ಕ್, ಚೈನಾ ಕ್ಲೇ ಥರದ ಅಗ್ಗದ ಪುಡಿಗಳು. ಇವೆಲ್ಲವನ್ನೂ ಗೋಡೆಗೆ ಹಿಡಿದಿಡುವುದು ಅಕ್ರಿಲಿಕ್ ಅಂಟು. ಉಳಿದದ್ದು ನೀರು. ಶೇಡ್ ಬರುವುದು ಇದಕ್ಕೆ ಬೆರೆಸುವ ಚೂರು ಕಲರೆಂಟ್‌ನಿಂದ. ನೀರು ಆರುತ್ತಾ ಹೋದಂತೆ ಅಂಟಿನ ಸಣ್ಣ ಕಣಗಳು ಒಂದಕ್ಕೊಂದು ಒತ್ತಿ ಬೆಸೆದುಕೊಂಡು ತೆಳುವಾದ ಪೊರೆಯಾಗುತ್ತವೆ. ಪುಡಿ ಆ ಪೊರೆಯೊಳಗೆ ಸಿಕ್ಕಿಕೊಳ್ಳುತ್ತದೆ.

ಅಂಟು ಜಾಸ್ತಿ ಇದ್ದರೆ ಪುಡಿಯೆಲ್ಲ ಅದರಲ್ಲಿ ಮುಳುಗುತ್ತದೆ, ಮೇಲ್ಮೈ ನಯವಾಗುತ್ತದೆ. ನಯವಾದ ಮೇಲ್ಮೈಗೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಚಿಮ್ಮುತ್ತದೆ. ಅದೇ ಹೊಳಪು. ಪುಡಿ ಜಾಸ್ತಿ ಇದ್ದರೆ ಅದರ ತುದಿಗಳು ಹೊರಗೆ ಚಾಚಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ಏರಿಳಿತ ಉಳಿಯುತ್ತದೆ. ಅಲ್ಲಿ ಬಿದ್ದ ಬೆಳಕು ಎಲ್ಲ ಕಡೆಗೂ ಚೆದುರುತ್ತದೆ. ಅದು ಮ್ಯಾಟ್. ಈ ಸಾಲಿನ ಒಂದು ತುದಿಯಲ್ಲಿ ತುಂಬಾ ಮಂಕಾದ, ಪುಡಿ ಪುಡಿಯಾದ ಡಿಸ್ಟೆಂಪರ್ ಇದೆ, ಇನ್ನೊಂದು ತುದಿಯಲ್ಲಿ ಬಾಗಿಲಿಗೆ ಹಚ್ಚುವ ಹೊಳೆಯುವ ಇನಾಮೆಲ್ ಇದೆ. ನಡುವೆ ಸಾದಾ ಎಮಲ್ಷನ್, ಪ್ರೀಮಿಯಂ ಎಮಲ್ಷನ್, ಸಿಲ್ಕ್ ಅಥವಾ ಶೀನ್ ಅಂತ ಮಾರುವ ದುಬಾರಿ ಎಮಲ್ಷನ್‌ಗಳು ಬರುತ್ತವೆ.

ಕಾರ್ಖಾನೆಯಲ್ಲಿ ಈ ಪ್ರಮಾಣವನ್ನು ಲೆಕ್ಕ ಹಾಕಿಯೇ ಡಬ್ಬಿಗೆ ತುಂಬಿರುತ್ತಾರೆ. ಆದರೆ ಗೋಡೆಗೆ ಹೋದಮೇಲೆ ಅದು ಹಾಗೇ ಉಳಿಯುವುದಿಲ್ಲ. ತೇಪೆ ಹುಟ್ಟುವುದು ಇಲ್ಲಿ.

ಹೊಸದಾಗಿ ತುಂಬಿದ ಪುಟ್ಟಿ ತುಂಬಾ ನೀರು ಕುಡಿಯುತ್ತದೆ. ಬಿಳಿ ಸಿಮೆಂಟಿನ ವಾಲ್ ಪುಟ್ಟಿಯ ಮೈಯೆಲ್ಲ ಸಣ್ಣ ರಂಧ್ರ. ಅದರ ಮೇಲೆ ನೇರವಾಗಿ ಪೇಂಟ್ ಹಚ್ಚಿದರೆ ನೀರಿನ ಜೊತೆ ಅಂಟಿನ ಒಂದಷ್ಟು ಭಾಗವೂ ಒಳಗೆ ಹೋಗುತ್ತದೆ. ಮೇಲೆ ಉಳಿಯುವುದು ಅಂಟು ಕಡಿಮೆಯಾದ ಪುಡಿ. ಆ ಜಾಗ ಮಂಕಾಗಿ, ಸ್ವಲ್ಪ ಬೆಳ್ಳಗೆ ಕಾಣುತ್ತದೆ. ಅದೇ ಹೊತ್ತಿಗೆ ಬ್ರಷ್ ಪುಟ್ಟಿಯ ಅಂಚು ದಾಟಿ ಹಳೇ ಪೇಂಟಿನ ಮೇಲೂ ಹರಿದಿರುತ್ತದೆ. ಅಲ್ಲಿ ಕೆಳಗೆ ಆಗಲೇ ಎರಡು ಕೋಟ್ ಇದೆ, ಅದು ಅಷ್ಟು ಹೀರುವುದಿಲ್ಲ. ಅಂಟೆಲ್ಲ ಮೇಲೆಯೇ ನಿಂತು ಆ ಭಾಗ ಸುತ್ತಲ ಗೋಡೆಗಿಂತ ಹೊಳೆಯುತ್ತದೆ. ಹೀಗೆ ಒಂದೇ ಬ್ರಷ್ಷಿನಲ್ಲಿ ಹಚ್ಚಿದ ಒಂದೇ ಪೇಂಟು ನಡುವೆ ಮಂಕಾಗಿ, ಅಂಚಿನಲ್ಲಿ ಹೊಳೆಯುವ ಉಂಗುರವಾಗಿ ಕೂರುತ್ತದೆ. ಮೊಳೆ ತೂತು ಮುಚ್ಚಿದ ಗೋಡೆಗಳಲ್ಲಿ ಈ ಉಂಗುರ ಬೇಕಾದಷ್ಟು ಸಿಗುತ್ತದೆ, ಒಂದು ಸಲ ಗಮನಿಸಿದರೆ ಮತ್ತೆ ಎಲ್ಲ ಕಡೆ ಕಾಣುತ್ತದೆ.

ನೀರಿನ ಲೆಕ್ಕವೂ ಇದೆ. ನಮ್ಮ ಕಡೆ ಎಮಲ್ಷನ್‌ಗೆ ನೀರು ಬೆರೆಸಿಯೇ ಹಚ್ಚುತ್ತಾರೆ. ಒಂದೊಂದು ಪೇಂಟಿಗೆ ಒಂದೊಂದು ಪ್ರಮಾಣ, ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಪೇಂಟರ್ ತೆಳ್ಳಗೆ ಮಾಡಿ ರೋಲರ್ ಓಡಿಸಿದ ಗೋಡೆಗೆ ನೀವು ಡಬ್ಬಿಯ ಗಟ್ಟಿ ಪೇಂಟನ್ನೇ ಅದ್ದಿ ಬಳಿದರೆ ಪೊರೆ ದಪ್ಪವಾಗುತ್ತದೆ. ದಪ್ಪ ಪೊರೆಯ ಹೊಳಪೇ ಬೇರೆ. ಬೆರಳಾಡಿಸಿದರೆ ಅದರ ಅಂಚು ಕೈಗೂ ತಾಗುತ್ತದೆ.

ಇನ್ನು ಸಲಕರಣೆ. ರೋಲರ್ ಓಡಿದ ಗೋಡೆಯನ್ನು ಹತ್ತಿರದಿಂದ ನೋಡಿ, ಮೈತುಂಬ ಸಣ್ಣ ತರಿ ಇರುತ್ತದೆ. ಬ್ರಷ್ ಗೆರೆ ಬಿಡುತ್ತದೆ. ತರಿಯ ನಡುವೆ ಗೆರೆ ಬಂದರೆ ಬಣ್ಣ, ಹೊಳಪು ಎರಡೂ ಕೂಡಿ ಬಂದಿದ್ದರೂ ಕಣ್ಣಿಗೆ ಗೊತ್ತಾಗುತ್ತದೆ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. ಹಾಲ್‌ನ ಒಂದು ತುದಿಗೆ ಬಾಲ್ಕನಿಯ ದೊಡ್ಡ ಗಾಜಿನ ಬಾಗಿಲು ಇರುತ್ತದೆ, ಅದರ ಬೆಳಕು ಉದ್ದನೆಯ ಗೋಡೆಯ ಮೈ ಸವರಿಕೊಂಡೇ ಒಳಗೆ ಬರುತ್ತದೆ. ಫಾಲ್ಸ್ ಸೀಲಿಂಗ್ ಅಂಚಿಗೆ ಹಾಕಿಸಿದ ಎಲ್‌ಇಡಿ ಪಟ್ಟಿಯೂ ಮೇಲಿನಿಂದ ಹಾಗೇ ಸವರುತ್ತದೆ. ಸವರುವ ಬೆಳಕಿನಲ್ಲಿ ಸಣ್ಣ ಉಬ್ಬು ಕೂಡ ನೆರಳು ಬೀಳಿಸುತ್ತದೆ.

ಗೋಡೆಗೂ ವಯಸ್ಸಾಗುತ್ತದೆ

ಬಣ್ಣದ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಹಚ್ಚಿ ಕೆಲವೇ ತಿಂಗಳಾದ ಗೋಡೆಗೆ ಅದೇ ಡಬ್ಬಿಯ ಪೇಂಟು ಚೆನ್ನಾಗಿ ಹೊಂದುತ್ತದೆ. ವರ್ಷಗಳು ಕಳೆದ ಗೋಡೆ ಬದಲಾಗಿರುತ್ತದೆ. ಡಬ್ಬಿಯೊಳಗೆ ಕತ್ತಲಲ್ಲಿದ್ದ ಪೇಂಟು ಮಾತ್ರ ಅಂದಿನ ಹಾಗೇ ಇರುತ್ತದೆ.

ಬಿಸಿಲು ಬೀಳುವ ಗೋಡೆ ಮಾಸುತ್ತದೆ. ಕಿಟಕಿಯ ಗಾಜು ನೇರಳಾತೀತ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ. ಐರನ್ ಆಕ್ಸೈಡ್‌ನಿಂದ ಬಂದ ಮಣ್ಣಿನ ಹಳದಿ, ಕಾವಿ, ಕಂದು ಬಣ್ಣಗಳು ಬಿಸಿಲಿಗೆ ಗಟ್ಟಿ. ಕಣ್ಣು ಕುಕ್ಕುವ ಗುಲಾಬಿ, ನೇರಳೆ, ನಿಂಬೆ ಹಳದಿ ಶೇಡ್‌ಗಳಲ್ಲಿ ಬೇಗ ಮಾಸುವ ಕಲರೆಂಟ್ ಇರುವುದು ಜಾಸ್ತಿ. ಅಡುಗೆಮನೆಯಲ್ಲಿ ಒಗ್ಗರಣೆ ಹೊಗೆ, ದೇವರಮನೆಯಲ್ಲಿ ದೀಪದ ಮಸಿ ಮತ್ತು ಊದುಬತ್ತಿ ಹೊಗೆ, ರಸ್ತೆಗೆ ಮುಖ ಮಾಡಿದ ರೂಮಿನಲ್ಲಿ ಧೂಳು, ಎಲ್ಲವೂ ದಿನಾ ಚೂರುಚೂರೇ ಕೂರುತ್ತವೆ. ನಿಧಾನಕ್ಕೆ ಆಗುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಗೋಡೆಗೆ ನೇತುಹಾಕಿದ ದೊಡ್ಡ ಫೋಟೊ ತೆಗೆದಾಗ ಹಿಂದೆ ಕಾಣುವ ಬೆಳ್ಳನೆಯ ಚೌಕವೇ ಆ ಗೋಡೆಯ ನಿಜವಾದ ಬಣ್ಣ.

ಹಾಗಾಗಿ ಎಷ್ಟೋ ಸಲ ಪೇಂಟಿಗಿಂತ ಮೊದಲು ಬೇಕಾದದ್ದು ನೀರು ಮತ್ತು ಮೆತ್ತನೆಯ ಬಟ್ಟೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಬಟ್ಟೆ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಒರೆಸಿ. ಸ್ವಿಚ್‌ಬೋರ್ಡ್ ಸುತ್ತಲಿನ ಕೈಗುರುತು, ಸೀಸದಕಡ್ಡಿಯ ಗೀಚು ಇಷ್ಟಕ್ಕೇ ಹೋಗುವುದುಂಟು. ಮ್ಯಾಟ್ ಗೋಡೆಯನ್ನು ಮಾತ್ರ ಜೋರಾಗಿ ಉಜ್ಜಬಾರದು. ಉಜ್ಜಿದರೆ ಮೇಲಿನ ಸಣ್ಣ ಏರಿಳಿತ ಸವೆದು ಆ ಜಾಗ ಹೊಳೆಯಲು ಶುರುವಾಗುತ್ತದೆ. ಆ ಹೊಳಪು ಮತ್ತೆ ಹೋಗುವುದಿಲ್ಲ.

ಕಣ್ಣು ಹುಡುಕುವುದು ಅಂಚನ್ನು

ಬಣ್ಣ ಎಷ್ಟಿದೆ ಅಂತ ಅಳೆಯುವುದರಲ್ಲಿ ನಮ್ಮ ಕಣ್ಣು ಅಷ್ಟು ಚುರುಕಲ್ಲ. ಪಕ್ಕಪಕ್ಕದಲ್ಲಿರುವ ಎರಡನ್ನು ಹೋಲಿಸುವುದರಲ್ಲಿ ತುಂಬಾ ಚುರುಕು. ಮಂಕು ಭಾಗ ಮತ್ತು ಬೆಳಕಿನ ಭಾಗ ಸೇರುವ ಕಡೆ ಕಣ್ಣು ವ್ಯತ್ಯಾಸವನ್ನು ಇರುವುದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತದೆ. ಮಂಕಿನ ಕಡೆ ಇನ್ನೂ ಮಂಕಾದ ಗೆರೆ, ಬೆಳಕಿನ ಕಡೆ ಇನ್ನೂ ಬೆಳ್ಳನೆಯ ಗೆರೆ ಇದ್ದ ಹಾಗೆ ಅನ್ನಿಸುತ್ತದೆ. ಅರ್ನ್ಸ್ಟ್ ಮಾಕ್ ಎಂಬ ಭೌತವಿಜ್ಞಾನಿ ಇದನ್ನು 1865ರಲ್ಲಿ ವಿವರಿಸಿದರು. ಅವರ ಹೆಸರಿನಲ್ಲೇ ಇವಕ್ಕೆ ಮಾಕ್ ಪಟ್ಟಿಗಳು ಅನ್ನುತ್ತಾರೆ.

ಗೋಡೆ ಕೆಲಸಕ್ಕೆ ಇದರಿಂದ ಎರಡು ದಾರಿ ಸಿಗುತ್ತವೆ. ಚೂರು ವ್ಯತ್ಯಾಸ ಇದ್ದರೂ ಪರವಾಗಿಲ್ಲ, ಅಂಚು ಇರಬಾರದು. ಪೇಂಟು ನಡುವಿನಿಂದ ಹೊರಕ್ಕೆ ಹೋದಂತೆ ತೆಳ್ಳಗಾಗುತ್ತಾ, ಎಲ್ಲಿ ಮುಗಿಯಿತು ಅಂತ ಹೇಳಲಾಗದ ಹಾಗೆ ಹಳೇ ಗೋಡೆಯಲ್ಲಿ ಸೇರಿಕೊಂಡರೆ ಕಣ್ಣಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಇದು ಒಂದು ದಾರಿ. ಇನ್ನೊಂದು, ಅಂಚನ್ನು ಹೇಗೂ ಅಂಚಿರುವ ಜಾಗಕ್ಕೇ ತಳ್ಳುವುದು. ಎರಡು ಗೋಡೆ ಸೇರುವ ಮೂಲೆಯನ್ನು ನೋಡಿ. ಎರಡಕ್ಕೂ ಒಂದೇ ಪೇಂಟ್ ಇದ್ದರೂ ಬೆಳಕು ಬೀಳುವ ಕೋನ ಬೇರೆಯಾದ್ದರಿಂದ ಒಂದು ಗೋಡೆ ಮಂಕಾಗಿ, ಇನ್ನೊಂದು ಬೆಳ್ಳಗೆ ಕಾಣುತ್ತದೆ. ನಮಗೆ ಅದು ಅಭ್ಯಾಸ. ಅಲ್ಲಿ ಹೊಸ ಪೇಂಟು ಮುಗಿದು ಹಳೇ ಪೇಂಟು ಶುರುವಾದರೆ ಯಾರಿಗೂ ತಿಳಿಯುವುದಿಲ್ಲ. ತೊಲೆಯ ಅಂಚು, ಬಾಗಿಲ ಚೌಕಟ್ಟು, ಕಬೋರ್ಡಿನ ಪಕ್ಕ ಕೂಡ ಇಂಥ ಜಾಗಗಳೇ. ಪೇಂಟರ್‌ಗಳು ಮೂಲೆಯಿಂದ ಮೂಲೆಗೆ ಪೂರ್ತಿ ಗೋಡೆ ಹೊಡೆಯೋಣ ಅನ್ನುವಾಗ ಸುಮ್ನೆ ಕೆಲಸ ಜಾಸ್ತಿ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಹೊಳಪಿನ ಪೇಂಟಿಗೆ ಅದೇ ಸರಿಯಾದ ಮಾತು.

ಈ ಗೋಡೆ ಟಚಪ್ ಒಪ್ಪುತ್ತದೆಯೇ?

ಸಿಲ್ಕ್, ಶೀನ್, ಗ್ಲಾಸ್ (gloss) ಅಂತ ಹೆಸರಿರುವ ಎಮಲ್ಷನ್ ಗೋಡೆಯ ನಡುವೆ ಟಚಪ್ ಮಾಡಬೇಡಿ. ಬಾಗಿಲ ಹಿಂದಿನ, ಸೋಫಾ ಮರೆಯ ಜಾಗವಾದರೆ ನಡೆಯುತ್ತದೆ. ಕಣ್ಣಿಗೆ ಬೀಳುವ ಗೋಡೆಯಾದರೆ ತೂತು ಮುಚ್ಚಿ, ಪ್ರೈಮರ್ (ಪೇಂಟಿಗೆ ಮುಂಚೆ ಹಚ್ಚುವ ತಳದ ಕೋಟ್) ಕೊಟ್ಟು, ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಹೊಡೆಯಿರಿ. ಕಡು ಬಣ್ಣದ ಗೋಡೆಗೂ ಇದೇ ಮಾತು. ಕಡು ಬಣ್ಣದ ಮೇಲೆ ಹೊಳಪಿನ ಚೂರು ವ್ಯತ್ಯಾಸವೂ ಬೆಳ್ಳಗೆ ಎದ್ದು ಬರುತ್ತದೆ. ಮ್ಯಾಟ್ ಎಮಲ್ಷನ್, ತಿಳಿ ಬಣ್ಣ, ಹಚ್ಚಿ ತುಂಬಾ ವರ್ಷ ಆಗಿಲ್ಲ ಅಂದರೆ ಧೈರ್ಯವಾಗಿ ಟಚಪ್ ಮಾಡಬಹುದು.

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಸುಣ್ಣ ಅಥವಾ ಡಿಸ್ಟೆಂಪರ್ ಗೋಡೆ ಇನ್ನೂ ಸಿಗುತ್ತವೆ. ಒದ್ದೆ ಕೈಯಿಂದ ಗೋಡೆ ಸವರಿ ನೋಡಿ. ಬೆರಳಿಗೆ ಪುಡಿ ಪುಡಿಯಾಗಿ ಬಣ್ಣ ಹತ್ತಿದರೆ ಅದು ಎಮಲ್ಷನ್ ಅಲ್ಲ. ಇದರ ಮೇಲೆ ಎಮಲ್ಷನ್ ಹಚ್ಚಿದರೆ ಕೆಳಗಿನ ಪುಡಿಯ ಜೊತೆ ಸಿಪ್ಪೆ ಎದ್ದುಬರುತ್ತದೆ. ಡಿಸ್ಟೆಂಪರ್‌ಗೆ ಡಿಸ್ಟೆಂಪರೇ ಬೇಕು. ತುಂಬಾ ಮಂಕಾದ ಪೇಂಟಾದ್ದರಿಂದ ತೇಪೆ ಹೊಂದಿಸುವುದು ಸುಲಭ, ಆದರೆ ನೀರು ಸೋಕಿದಲ್ಲಿ ಕಲೆಯ ಅಂಚು ಉಳಿಯುತ್ತದೆ.

ಏನೇ ಇರಲಿ, ಮೊದಲು ಬಾಗಿಲ ಹಿಂದೆ ಅಥವಾ ಬೀರು ಮರೆಯಲ್ಲಿ ಒಂದು ಅಂಗೈಯಷ್ಟು ಹಚ್ಚಿ ಒಂದು ದಿನ ಬಿಡಿ. ಹಸಿಯಾಗಿರುವಾಗ ನೋಡಿ ತೀರ್ಮಾನ ಮಾಡಬೇಡಿ. ಹಸಿ ಎಮಲ್ಷನ್‌ನಲ್ಲಿ ಅಂಟಿನ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಾ ಬೆಳಕು ಚೆದುರಿಸುತ್ತವೆ, ಅದಕ್ಕೇ ಪೇಂಟು ಹಾಲುಹಾಲಾಗಿ ಕಾಣುತ್ತದೆ. ಒಣಗಿದಾಗ ಅಂಟು ತಿಳಿಯಾಗುತ್ತದೆ, ಬಣ್ಣ ಚೂರು ಗಾಢವಾಗುತ್ತದೆ. ಸುಣ್ಣ ಮತ್ತು ಡಿಸ್ಟೆಂಪರ್‌ನಲ್ಲಿ ಇದು ಉಲ್ಟಾ: ಹಸಿಯಲ್ಲಿ ಕಡು, ಒಣಗಿದ ಮೇಲೆ ತಿಳಿ. ಹಗಲು ಬೆಳಕಿನಲ್ಲೂ ನೋಡಿ, ರಾತ್ರಿ ಲೈಟ್ ಹಾಕಿಯೂ ನೋಡಿ.

ಕೆಲಸ ಮಾಡುವಾಗ

ತೂತಿನ ಸುತ್ತ ಎದ್ದ ಸಿಪ್ಪೆಯನ್ನು ಪುಟ್ಟಿ ಬ್ಲೇಡಿನಿಂದ ಕೆರೆಯಿರಿ. ಪುಟ್ಟಿಯನ್ನು ತೂತಿನೊಳಗೆ ಒತ್ತಿ ತುಂಬಿ. ಸುತ್ತ ಮೆತ್ತಿದ್ದನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಇಡೀ ಕೆಲಸದಲ್ಲಿ ಇದು ತುಂಬಾ ಮುಖ್ಯ, ಯಾಕೆಂದರೆ ಪುಟ್ಟಿ ಎಷ್ಟು ಅಗಲ ಇರುತ್ತದೋ ಪೇಂಟೂ ಅಷ್ಟು ಅಗಲ ಬೇಕಾಗುತ್ತದೆ. ತೂತು ತೂತಿನಷ್ಟೇ ಇರಲಿ. ಪುಟ್ಟಿ ಒಣಗುವಾಗ ಕುಗ್ಗುತ್ತದೆ, ಆಳದ ತೂತಾದರೆ ಇನ್ನೊಂದು ಸಲ ತುಂಬಿ. ಪೂರ್ತಿ ಒಣಗಿದ ಮೇಲೆ 220 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 320. ಮೊಬೈಲ್ ಟಾರ್ಚ್ ಹೊತ್ತಿಸಿ ಗೋಡೆಗೆ ಒರಗಿಸಿ ಹಿಡಿದರೆ ಉಳಿದ ಉಬ್ಬುತಗ್ಗು ಆಗಲೇ ಕಾಣುತ್ತದೆ. ಪೇಂಟ್ ಹಚ್ಚಿದ ಮೇಲೆ ಕಾಣುವುದಕ್ಕಿಂತ ಈಗ ಕಾಣುವುದು ಒಳ್ಳೆಯದು.

ಧೂಳು ಒರೆಸಿ, ಪುಟ್ಟಿಯ ಮೇಲಷ್ಟೇ ಪ್ರೈಮರ್ ಕೊಡಿ. ಮಕ್ಕಳ ಡ್ರಾಯಿಂಗ್ ಬ್ರಷ್ ಇದಕ್ಕೆ ಸಾಕು. ಪ್ರೈಮರ್ ಪುಟ್ಟಿಯ ರಂಧ್ರ ಮುಚ್ಚಿ, ಹೀರುವಿಕೆಯನ್ನು ಸುತ್ತಲ ಗೋಡೆಯ ಮಟ್ಟಕ್ಕೆ ಇಳಿಸುತ್ತದೆ. ಚಿಕ್ಕ ಜಾಗಕ್ಕೆ ಪ್ರೈಮರ್ ಯಾಕೆ ಅಂತ ಬಿಡುವವರೇ ಹೆಚ್ಚು. ಮಂಕು ಕಲೆಯ ಮುಖ್ಯ ಕಾರಣವೇ ಅದು.

ಹಳೇ ಡಬ್ಬಿಯನ್ನು ತೆಗೆದಾಗ ಮೇಲೆ ಕೆನೆ ಕಟ್ಟಿದ್ದರೆ ಅದನ್ನು ಕಲಕಬೇಡಿ, ಎತ್ತಿ ಬಿಸಾಡಿ. ತಳದಲ್ಲಿ ಕೂತ ಪುಡಿ ಪೂರ್ತಿ ಏಳುವವರೆಗೆ ಕೋಲಿನಿಂದ ಕಲಕಿ. ಅರ್ಧಂಬರ್ಧ ಕಲಕಿದರೆ ಮೇಲೆ ಬರುವುದು ಅಂಟು ಜಾಸ್ತಿ ಇರುವ ಭಾಗ, ಹೊಳಪು ತಪ್ಪುತ್ತದೆ. ಹಳೇ ಪಂಚೆ ತುಂಡಿನಲ್ಲಿ ಸೋಸಿ. ಕೊಳೆತ ವಾಸನೆ ಬಂದರೆ ಆ ಪೇಂಟ್ ಬಳಸಬೇಡಿ, ಅದರಲ್ಲಿ ಬ್ಯಾಕ್ಟೀರಿಯ ಬೆಳೆದಿರುತ್ತದೆ. ಆಮೇಲೆ ಡಬ್ಬಿಯ ಮೇಲೆ ಹೇಳಿದಷ್ಟು ನೀರು ಬೆರೆಸಿ.

ಮೊಳೆ ತೂತಿನಷ್ಟು ಜಾಗಕ್ಕೆ ಬ್ರಷ್ ಎಳೆಯಲೇಬೇಡಿ. ಸ್ಪಂಜಿನ ಚೂರಿನ ತುದಿಗೆ ಪೇಂಟ್ ಮುಟ್ಟಿಸಿ, ಕಾಗದದ ಮೇಲೆ ಎರಡು ಸಲ ಒತ್ತಿ ಹೆಚ್ಚಿನದನ್ನು ತೆಗೆದು, ಗೋಡೆಗೆ ಮೆಲ್ಲಗೆ ಒತ್ತಿ ತೆಗೆಯಿರಿ. ಸ್ಪಂಜು ಬಿಡುವ ಗುರುತು ರೋಲರ್ ತರಿಗೆ ಹತ್ತಿರವಾಗಿರುತ್ತದೆ. ಅಂಗೈಗಿಂತ ದೊಡ್ಡ ಜಾಗಕ್ಕೆ 4 ಇಂಚಿನ ಚಿಕ್ಕ ರೋಲರ್ ತನ್ನಿ. ರೋಲರನ್ನು ರಟ್ಟಿನ ಮೇಲೆ ಓಡಿಸಿ ಅರೆಒಣ ಮಾಡಿಕೊಳ್ಳಿ. ನಡುವಿನಲ್ಲಿ ಶುರುಮಾಡಿ, ಹೊರಕ್ಕೆ ಹೋಗುತ್ತಾ ಕೈ ಹಗುರ ಮಾಡಿ, ಕೊನೆಯಲ್ಲಿ ರೋಲರ್ ಓಡುತ್ತಿರುವಾಗಲೇ ಗೋಡೆಯಿಂದ ಎತ್ತಿಬಿಡಿ. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಎತ್ತಿದರೆ ಅಂಚು ಒಂದೇ ಗೆರೆಯಾಗಿ ಕೂರುವುದಿಲ್ಲ. ತೇಪೆಯ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸುವವರೂ ಇದ್ದಾರೆ. ಅದು ಕತ್ತರಿಸಿದಂಥ ಅಂಚು ಕೊಡುತ್ತದೆ, ಇಲ್ಲಿ ನಮಗೆ ಬೇಡದ್ದೇ ಅದು. ಟೇಪ್ ಬಾಗಿಲ ಚೌಕಟ್ಟಿಗೂ ಸ್ವಿಚ್‌ಬೋರ್ಡಿಗೂ ಮಾತ್ರ ಇರಲಿ.

ತೆಳ್ಳಗಿನ ಎರಡು ಕೋಟ್, ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು. ಸಾಮಾನ್ಯವಾಗಿ ಅದು 3ರಿಂದ 4 ಗಂಟೆ. ಅರ್ಧ ಒಣಗಿದ ಪೇಂಟಿನ ಮೇಲೆ ಮತ್ತೆ ಕೈಯಾಡಿಸಿದರೆ ಪೊರೆ ಹರಿಯುತ್ತದೆ.

ಬೆಂಗಳೂರಿನ ಹವೆಯನ್ನೂ ನೋಡಿಕೊಳ್ಳಬೇಕು. ಫೆಬ್ರವರಿ, ಮಾರ್ಚ್‌ನ ಒಣ ಮಧ್ಯಾಹ್ನಗಳಲ್ಲಿ ಪೇಂಟು ಗೋಡೆಗೆ ತಾಗಿದ ಕೂಡಲೇ ಅಂಚು ಕಟ್ಟುತ್ತದೆ. ಆಗ ಫ್ಯಾನ್ ಆರಿಸಿ, ಬಿಸಿಲು ಬೀಳುವ ಗೋಡೆಯಾದರೆ ಬೆಳಗ್ಗೆ ಬೇಗ ಅಥವಾ ಸಂಜೆ ಮಾಡಿ. ಯುಗಾದಿಗೆ ಮುಂಚೆ ಮನೆ ಚೆಂದ ಮಾಡುವವರಿಗೆ ಇದು ನೆನಪಿರಲಿ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಇದರ ಉಲ್ಟಾ, ಪುಟ್ಟಿ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಒಂದು ದಿನ ಜಾಸ್ತಿ ಕೊಡಿ.

ಪೇಂಟಿಗೆ ಬಗ್ಗದ ಕಲೆಗಳು

ನಮ್ಮ ಮನೆಗಳಲ್ಲಿ ಒಂದು ಕಲೆ ಖಾಯಂ. ಮಂಚದ ಹಿಂದೆ, ದಿವಾನದ ಹಿಂದೆ, ಅಜ್ಜಿ ಒರಗಿ ಕೂರುವ ಕಡೆ ತಲೆ ಎಣ್ಣೆಯ ಗುರುತು ಇರುತ್ತದೆ. ಇದರ ಮೇಲೆ ಎಮಲ್ಷನ್ ಎಷ್ಟು ಕೋಟ್ ಹಚ್ಚಿದರೂ ಕೆಲಸವಾಗುವುದಿಲ್ಲ. ನೀರಿನ ಪೇಂಟು ಎಣ್ಣೆಯ ಮೇಲೆ ಸರಿಯಾಗಿ ಹರಡುವುದಿಲ್ಲ, ಹರಡಿದರೂ ಎಣ್ಣೆ ನಿಧಾನಕ್ಕೆ ಪೊರೆಯೊಳಗೆ ಏರಿ ಮತ್ತೆ ಹಳದಿಯಾಗಿ ಮೂಡುತ್ತದೆ. ಮೊದಲು ಸಾಬೂನು ನೀರಿನಿಂದ ಎರಡು ಮೂರು ಸಲ ಒರೆಸಿ ಎಣ್ಣೆ ಎಷ್ಟು ಬರುತ್ತದೋ ತೆಗೆಯಬೇಕು. ಒಣಗಿದ ಮೇಲೆ ಆ ಜಾಗಕ್ಕೆ ಆಯಿಲ್ ಪ್ರೈಮರ್, ಅಂದರೆ ಟರ್ಪೆಂಟೈನ್‌ನಲ್ಲಿ ಕಲಸುವ ಪ್ರೈಮರ್, ತೆಳ್ಳಗೆ ಒಂದು ಕೋಟ್. ಅದು ನೀರಿನಲ್ಲಿ ಕರಗದ ಪದರವಾಗಿ ನಿಂತು ಎಣ್ಣೆಯನ್ನು ಕೆಳಗೇ ತಡೆಯುತ್ತದೆ. ಕಿಟಕಿ ತೆರೆದಿಟ್ಟುಕೊಂಡು ಹಚ್ಚಿ. ಪೂರ್ತಿ ಒಣಗಿದ ಮೇಲೆ ಎಮಲ್ಷನ್. ಮಾರ್ಕರ್ ಪೆನ್ನು, ಸ್ಕೆಚ್ ಪೆನ್ನು, ಬಾಲ್ ಪೆನ್ನಿನ ಗೆರೆಗಳಿಗೂ ಇದೇ ಉಪಾಯ. ಕ್ರೆಯಾನ್ ಮೇಣದ್ದು, ಅದನ್ನು ಮೊದಲು ಕೆರೆದು ತೆಗೆಯಬೇಕು.

ಬಾತ್‌ರೂಮಿನ ಹಿಂಬದಿಯ ಗೋಡೆಯಲ್ಲಿ ಪೇಂಟ್ ಉಬ್ಬಿದ್ದರೆ, ಬಿಳೀ ಉಪ್ಪು ಬಂದಿದ್ದರೆ, ಅದು ಟಚಪ್ ವಿಷಯವೇ ಅಲ್ಲ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು, ಗೋಡೆ ಒಣಗಬೇಕು, ಆಮೇಲೆ ಉಳಿದ ಮಾತು.

ಬಾಗಿಲು, ಕಿಟಕಿ, ಗ್ರಿಲ್‌ಗಳ ಇನಾಮೆಲ್ ಬಗ್ಗೆ ಒಂದೇ ಎಚ್ಚರಿಕೆ. ಮನೆಗಳಿಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಇನಾಮೆಲ್‌ನಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿದರೆ ಆ ಪುಡಿ ಉಸಿರಿಗೆ ಹೋಗುತ್ತದೆ, ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೆ ಹತ್ತುತ್ತದೆ. ವಾಟರ್ ಪೇಪರ್, ಅಂದರೆ ನೀರಿಗೆ ಹಾಳಾಗದ ಸ್ಯಾಂಡ್ ಪೇಪರ್, ತಂದು ನೀರು ಹಾಕಿಯೇ ಉಜ್ಜಿ, ಮಕ್ಕಳನ್ನೂ ಬಸುರಿಯರನ್ನೂ ಆ ಕಡೆ ಬಿಡಬೇಡಿ.

ಶೇಡ್ ಗೊತ್ತಿಲ್ಲದಿದ್ದರೆ

ಮೊಬೈಲಿನಲ್ಲಿ ಫೋಟೊ ತೆಗೆದು ಅಂಗಡಿಗೆ ಒಯ್ಯುವುದರಿಂದ ಪ್ರಯೋಜನವಿಲ್ಲ. ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಪರದೆ ಇನ್ನೊಂದಿಷ್ಟು ಬದಲಿಸುತ್ತದೆ. ಶೇಡ್ ಕಾರ್ಡನ್ನೇ ಮನೆಗೆ ತಂದು ಹಗಲಿನಲ್ಲಿ ಗೋಡೆಗೆ ಅಂಟಿಸಿ ಹಿಡಿದು ನೋಡುವುದು ಮೇಲು. ಅದಕ್ಕಿಂತ ಒಳ್ಳೆಯದು ಗೋಡೆಯದೇ ಒಂದು ಸಿಪ್ಪೆ. ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ ಸ್ವಿಚ್‌ಬೋರ್ಡಿನ ಮುಚ್ಚಳ ಬಿಚ್ಚಿದರೆ, ಅದರ ಅಂಚಿನ ಮರೆಯಲ್ಲಿ ಒಂದು ಇಂಚಿನಷ್ಟು ಪೇಂಟನ್ನು ಬ್ಲೇಡಿನಿಂದ ಎಬ್ಬಿಸಬಹುದು. ಮುಚ್ಚಳ ಹಾಕಿದ ಮೇಲೆ ಆ ಗಾಯ ಕಾಣುವುದಿಲ್ಲ. ಬಣ್ಣ ಸ್ಕ್ಯಾನ್ ಮಾಡುವ ಯಂತ್ರ ಇರುವ ಅಂಗಡಿಯಲ್ಲಿ ಆ ಸಿಪ್ಪೆ ತೋರಿಸಿದರೆ ಹತ್ತಿರದ ಶೇಡ್ ಸಿಗುತ್ತದೆ. ಆದರೆ ಮುಚ್ಚಳದ ಮರೆಯಲ್ಲಿದ್ದ ಪೇಂಟು ಗೋಡೆಯಷ್ಟು ಮಾಸಿರುವುದಿಲ್ಲ, ತುಂಬಾ ಮಾಸಿದ ಗೋಡೆಗೆ ಅದು ಪೂರ್ತಿ ಹೊಂದದೇ ಇರಬಹುದು. ಸಿಪ್ಪೆಯನ್ನು ಮೊದಲು ಒರೆಸಿಕೊಳ್ಳಿ, ಇಲ್ಲದಿದ್ದರೆ ಯಂತ್ರ ಧೂಳಿನ ಬಣ್ಣವನ್ನೂ ಸೇರಿಸಿ ಅಳೆಯುತ್ತದೆ.

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಬಣ್ಣ ಮನೆಯ ಹಳದಿ ಎಲ್‌ಇಡಿಯಲ್ಲಿ ಬೇರೆಯಾಗಿ ಕಾಣುವುದು ಕಣ್ಣಿನ ಭ್ರಮೆಯಲ್ಲ. ಬೇರೆ ಬೇರೆ ಕಲರೆಂಟ್ ಬೆರೆಸಿಯೂ ಒಂದೇ ಶೇಡ್ ಬರಿಸಬಹುದು, ಆದರೆ ಆ ಹೊಂದಾಣಿಕೆ ಒಂದು ಬೆಳಕಿಗೆ ಮಾತ್ರ. ಬೆಳಕು ಬದಲಾದರೆ ಎರಡೂ ಬೇರೆ ದಾರಿ ಹಿಡಿಯುತ್ತವೆ. ಒಂದು ಕಂಪನಿಯ ಶೇಡನ್ನು ಇನ್ನೊಂದು ಕಂಪನಿಯ ಪೇಂಟಿನಲ್ಲಿ ಮಾಡಿಸಿದಾಗ ಆಗುವ ತೊಂದರೆ ಇದೇ. ಅದೇ ಕಂಪನಿ, ಅದೇ ಹೆಸರಿನ ಪೇಂಟ್ ಕೇಳಿ. ಶೇಡ್ ಕೋಡ್ ಒಂದೇ ಆಗಿದ್ದರೂ ಸಾದಾ ಎಮಲ್ಷನ್ ಮತ್ತು ದುಬಾರಿ ಎಮಲ್ಷನ್‌ನ ಹೊಳಪು ಬೇರೆ.

ತುಂಬಾ ಚಿಕ್ಕ ಡಬ್ಬಿಗೆ ಬಣ್ಣ ಬೆರೆಸಿದಾಗಲೂ ಚೂರು ಹೆಚ್ಚುಕಮ್ಮಿ ಆಗುವುದುಂಟು. ಯಂತ್ರ ಹನಿ ಲೆಕ್ಕದಲ್ಲಿ ಕಲರೆಂಟ್ ಬಿಡುತ್ತದೆ. 20 ಲೀಟರಿಗೆ ಒಂದು ಹನಿ ತಪ್ಪಿದರೆ ಲೆಕ್ಕಕ್ಕಿಲ್ಲ, 1 ಲೀಟರಿಗೆ ಲೆಕ್ಕಕ್ಕಿದೆ. ಸ್ಟೈನರ್ (ಪೇಂಟಿಗೆ ಬೆರೆಸುವ ಗಾಢ ಬಣ್ಣ) ಬಾಟಲಿ ತಂದು ಮನೆಯಲ್ಲೇ ಕೈಯಳತೆಯಲ್ಲಿ ಬೆರೆಸುವುದನ್ನು ನಾನು ಒಪ್ಪುವುದಿಲ್ಲ. ಅನುಭವ ಇರುವ ಪೇಂಟರ್ ಕಣ್ಣಿಗೆ ಅದು ಒಲಿಯಬಹುದು, ನಮಗೆ ಒಣಗಿದ ಮೇಲಿನ ಬಣ್ಣ ಊಹಿಸುವುದು ಕಷ್ಟ.

ಉಳಿದ ಪೇಂಟನ್ನು ಇಡುವ ಬಗೆ

ಮನೆಗೆ ಪೇಂಟ್ ಮಾಡಿಸಿದ ದಿನವೇ ಮುಂದಿನ ಟಚಪ್‌ಗೆ ತಯಾರಿ ಆಗಬೇಕು. 20 ಲೀಟರ್ ಡಬ್ಬಿಯ ತಳದಲ್ಲಿ ಅರ್ಧ ಲೀಟರ್ ಬಿಟ್ಟರೆ ಅದರ ಮೇಲೆ ಡಬ್ಬಿ ತುಂಬ ಗಾಳಿ ಇರುತ್ತದೆ, ಪೇಂಟು ಗಟ್ಟಿಯಾಗುತ್ತದೆ. ನೀರು ಬೆರೆಸದ ಪೇಂಟನ್ನು ಬಿಗಿ ಮುಚ್ಚಳದ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗೆ ಕಂಠದವರೆಗೆ ತುಂಬಿಡಿ. ನೀರು ಬೆರೆಸಿದ್ದು ಬೇಗ ಕೆಡುತ್ತದೆ, ಅದನ್ನು ಇಡಬೇಡಿ. ಬಿಸಿಲು ಬೀಳದ ಜಾಗದಲ್ಲಿರಲಿ. ತಾರಸಿಯ ಶೀಟ್ ಕೆಳಗೆ ಬೇಡ. ಡಬ್ಬಿಯ ಮೇಲೆ ಪೇಂಟಿನ ಹೆಸರು, ಶೇಡ್ ಕೋಡ್, ಯಾವ ರೂಮು, ಯಾವ ತಿಂಗಳು, ಎಷ್ಟು ನೀರು ಬೆರೆಸಿದರು, ರೋಲರೋ ಬ್ರಷ್ಷೋ, ಇಷ್ಟನ್ನೂ ಬರೆಯಿರಿ. ಪೇಂಟರ್ ಇನ್ನೂ ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳುವುದು ಸುಲಭ.

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವ ರೂಢಿ ಇದೆ. ನಾಲ್ಕು ಮೊಳೆ ತೂತು, ಸ್ವಿಚ್ ಪಕ್ಕದ ಕೈಗುರುತು ಬಿಟ್ಟರೆ ಚೆನ್ನಾಗಿರುವ ಮ್ಯಾಟ್ ಗೋಡೆಗೆ ಅಷ್ಟು ಖರ್ಚು ನಿಜಕ್ಕೂ ಬೇಕಾಗುವುದಿಲ್ಲ. ಒಂದು ಶನಿವಾರದ ಕೆಲಸ ಅದು, ಆದರೆ ಶೇಡ್ ಗೊತ್ತಿರಬೇಕು. ಬಾಡಿಗೆಗೆ ಬರುವವರು ಅಗ್ರಿಮೆಂಟಿಗೆ ಸಹಿ ಹಾಕುವ ದಿನವೇ ಮಾಲೀಕರನ್ನು ಕೇಳಿಕೊಳ್ಳುವುದು ಒಳ್ಳೆಯದು: ಉಳಿದ ಪೇಂಟ್ ಇದೆಯಾ, ಯಾವ ಶೇಡ್, ಚಿಕ್ಕಪುಟ್ಟ ಟಚಪ್ ನಾವೇ ಮಾಡಿಕೊಟ್ಟರೆ ಒಪ್ಪುತ್ತೀರಾ ಅಂತ. ಮಾಲೀಕರಿಗೂ ಇದರಿಂದ ಲಾಭ, ಮುಂದಿನ ಬಾಡಿಗೆದಾರ ಬರುವವರೆಗೆ ಮನೆ ಖಾಲಿ ಬಿದ್ದಿರುವ ದಿನಗಳು ಕಡಿಮೆಯಾಗುತ್ತವೆ. ಪೇಂಟ್ ಉಳಿದಿಲ್ಲದಿದ್ದರೂ ಡಬ್ಬಿಯ ಮುಚ್ಚಳಕ್ಕೆ ಅಂಗಡಿಯವರು ಅಂಟಿಸಿದ ಶೇಡ್ ಸ್ಟಿಕ್ಕರಿನ ಫೋಟೊ ಇದ್ದರೆ ಸಾಕು, ಅದೇ ಪೇಂಟನ್ನು ಮತ್ತೆ ಮಾಡಿಸಬಹುದು.